ಹಿತ್ತಲಿನ ಜಗಲಿಗೊಂದು ಅಂದಾಜು ಪಟ್ಟಿ

ಮೈಸೂರಿನ ಒಂಟಿಕೊಪ್ಪಲಿನ ಹಳೆಯ ಮನೆಗಳಿಗೆ ಮುಂದೆ ಜಗಲಿಯೂ ಹಿಂದೆ ಹಿತ್ತಲೂ ಇರುವುದು ರೂಢಿ. ಹಿತ್ತಲೆಂದರೆ ಒಂದು ತೆಂಗಿನ ಮರ, ಒಂದು ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ನೀರು ಕಾಯಿಸುವ ಹಂಡೆಯ ಒಲೆ. ನಮ್ಮ ಮನೆಯೂ ಈ ಬಗೆಯದೇ. ಅಡಿಗೆಮನೆಯ ಹಿಂಬಾಗಿಲಿಗೂ ಹಿತ್ತಲ ನೆಲಕ್ಕೂ ಎರಡೂವರೆ ಅಡಿಗಳ ಅಂತರ. ಇಳಿಯಲು ಐದು ಕಲ್ಲು ಮೆಟ್ಟಿಲು. ಕಳೆದ ವರ್ಷ ಆಷಾಢದ ಜಡಿಮಳೆಯಲ್ಲಿ ನಮ್ಮ ತಾಯಿಯವರು ಮೂರನೆಯ ಮೆಟ್ಟಿಲಿನಲ್ಲಿ ಜಾರಿ ಕುಳಿತರು. ಮೂಳೆ ಮುರಿಯಲಿಲ್ಲ. ಆದರೆ ಎಪ್ಪತ್ತೆರಡು ವಯಸ್ಸಿನ ಮಂಡಿಗಳು ಅಂದಿನಿಂದ ಆ ಮೆಟ್ಟಿಲುಗಳನ್ನು ನಂಬುವುದನ್ನು ಬಿಟ್ಟವು. ಅಕ್ಕಿ ಆರಿಸುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಸಂಜೆಯ ಹೊತ್ತು ಬಿಸಿಲು ಕಾಯುತ್ತ ಕೂರುವುದು ಎಲ್ಲವೂ ನಿಂತುಹೋಯಿತು.

ಆಗ ನಾವು ಒಂದು ನಿರ್ಧಾರಕ್ಕೆ ಬಂದೆವು: ಹೊಸ್ತಿಲಿನ ಮಟ್ಟಕ್ಕೇ, ಹನ್ನೆರಡು ಅಡಿ ಉದ್ದ ಹತ್ತು ಅಡಿ ಅಗಲದ ಒಂದು ಜಗಲಿಯನ್ನು ಹಿತ್ತಲಿನಲ್ಲಿ ಕಟ್ಟಿಸಬೇಕು. ಪಾಶ್ಚಾತ್ಯ ದೇಶಗಳಲ್ಲಿ ಇಂಥದಕ್ಕೆ ಹಡಗಿನ ಮೇಲಂತಸ್ತಿನ ಹೆಸರನ್ನೇ ಇಟ್ಟು ಡೆಕ್ ಎನ್ನುತ್ತಾರೆ. ಮೆಟ್ಟಿಲಿಳಿಯದೆ ತಾಯಿಯವರು ಹೊರಗೆ ಬರುವಂತಾಗಬೇಕೆಂಬುದಷ್ಟೇ ನಮ್ಮ ಉದ್ದೇಶ. ಕೈಯಲ್ಲಿದ್ದ ಹಣ ಮಿತವಾದುದು. ಅಧ್ಯಾಪಕನ ಉಳಿತಾಯ ಎಷ್ಟಿರುತ್ತದೆಂದು ವಾಚಕರು ಊಹಿಸಬಲ್ಲರು. ಗುದ್ದಲಿಪೂಜೆಗೆ ದಿನ ನೋಡಲು ಒಂಟಿಕೊಪ್ಪಲಿನವರು ಬೇರೆ ಊರಿಗೆ ಹೋಗಬೇಕಾಗಿಲ್ಲ, ನಾಡಿನ ಎಷ್ಟೋ ಮನೆಗಳಲ್ಲಿರುವ ಪಂಚಾಂಗ ನಮ್ಮ ಬಡಾವಣೆಯ ಹೆಸರನ್ನೇ ಹೊತ್ತಿದೆ. ಆದರೆ ತೊಲೆ ಎಷ್ಟು ದಪ್ಪವಿರಬೇಕು, ಹಲಗೆ ಯಾವ ಮರದ್ದಾಗಬೇಕು ಎಂಬುದಕ್ಕೆ ಪಂಚಾಂಗದಲ್ಲಿ ಪುಟವಿಲ್ಲ. ಅದಕ್ಕೆ ನಾವು ತರಗತಿಯಲ್ಲಿ ಪಾಠ ಹೇಳುವ ಭೌತಶಾಸ್ತ್ರವನ್ನೇ ಆಶ್ರಯಿಸಬೇಕಾಯಿತು.

ಮೊದಲನೆಯ ಪ್ರಶ್ನೆ, ಕಲ್ಲೋ ಮರವೋ ಎಂಬುದು. ಮೈಸೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಕಾಲದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಹೊಸದನ್ನು ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಿಂದ ಕಟ್ಟಿದರು. 1912ರಲ್ಲಿ ಮುಗಿಯುವ ಹೊತ್ತಿಗೆ ಆದ ವೆಚ್ಚ 41,47,913 ರೂಪಾಯಿಗಳೆಂದು ದಾಖಲೆ. ಒಮ್ಮೆ ಸುಟ್ಟುಕೊಂಡವರು ಕಲ್ಲಿನ ಕಡೆಗೆ ತಿರುಗಿದ್ದು ಸಹಜವೇ. ನಮ್ಮ ಮೇಸ್ತ್ರಿಯ ವಾದವೂ ಇದೇ ಆಗಿತ್ತು: "ಕಲ್ಲು ಚಪ್ಪಡಿ ಹಾಸಿಬಿಡಿ ಸ್ವಾಮಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

ಮಾತಿನಲ್ಲಿ ಸತ್ಯವಿತ್ತು. ಆದರೂ ಒಪ್ಪುವ ಮೊದಲು ನಾವೊಂದು ಪುಟ್ಟ ಪ್ರಯೋಗ ಮಾಡಿದೆವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ, ಬೆಳಗಿನಿಂದ ಬಿಸಿಲಿನಲ್ಲಿಟ್ಟಿದ್ದ ಒಂದು ಕಲ್ಲು ಚಪ್ಪಡಿಯ ಮತ್ತು ಒಂದು ಹೊನ್ನೆಯ ಹಲಗೆಯ ಮೇಲ್ಮೈಯ ಉಷ್ಣತೆಯನ್ನು ಅಳೆದೆವು. ಕಲ್ಲು 54 ಡಿಗ್ರಿ ಸೆಂಟಿಗ್ರೇಡ್. ಮರ 58 ಡಿಗ್ರಿ. ಮರವೇ ಹೆಚ್ಚು ಕಾದಿತ್ತು! ಆ ಬಳಿಕ ಬರಿಗಾಲಿನಲ್ಲಿ ಎರಡರ ಮೇಲೂ ನಿಂತು ನೋಡಿದೆವು. ಕಲ್ಲಿನ ಮೇಲೆ ಮೂರು ಎಣಿಸುವಷ್ಟರಲ್ಲಿ ಕಾಲೆತ್ತಬೇಕಾಯಿತು. ಹಲಗೆಯ ಮೇಲೆ ನಿಶ್ಚಿಂತೆಯಾಗಿ ನಿಂತೆವು.

ಹೆಚ್ಚು ಕಾದದ್ದು ಕಡಿಮೆ ಸುಡುವುದು ಹೇಗೆ? ಉಷ್ಣತೆಯೇ ಬೇರೆ, ಶಾಖವೇ ಬೇರೆ ಎಂದು ಪ್ರೌಢಶಾಲೆಯಲ್ಲಿ ಕಲಿತ ಪಾಠ ಇಲ್ಲಿ ಅಂಗಾಲಿಗೆ ತಗಲುತ್ತದೆ. ಕಾಲು ಮೇಲ್ಮೈಯನ್ನು ಮುಟ್ಟಿದ ಕ್ಷಣ ಎರಡರ ಉಷ್ಣತೆಗಳ ನಡುವೆ ಒಂದು ರಾಜಿ ಏರ್ಪಡುತ್ತದೆ. ರಾಜಿಯ ಮುಳ್ಳು ಯಾರ ಕಡೆಗೆ ವಾಲುತ್ತದೆಂಬುದನ್ನು ತೀರ್ಮಾನಿಸುವುದು ಪದಾರ್ಥದ ಮೂರು ಗುಣಗಳು: ಶಾಖವನ್ನು ಹರಿಯಬಿಡುವ ವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ. ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆಯನ್ನು ಆ ಪದಾರ್ಥದ 'ಚುರುಕು' ಎಂದು ಈ ಲೇಖನದ ಮಟ್ಟಿಗೆ ಕರೆಯೋಣ. ಮೆಟ್ರಿಕ್ ಮಾನದಲ್ಲಿ ಗ್ರಾನೈಟಿಗೆ ಇದು ಸುಮಾರು 2400, ಮರಕ್ಕೆ 420, ನಮ್ಮ ಚರ್ಮಕ್ಕೆ 1200ರ ಆಸುಪಾಸು. ಅಂಗಾಲಿನ ಉಷ್ಣತೆ 33 ಡಿಗ್ರಿಯೆಂದು ಹಿಡಿದು, ಎರಡು ಉಷ್ಣತೆಗಳ ಸರಾಸರಿಯನ್ನು ಈ ಚುರುಕುಗಳ ತೂಕದಂತೆ ತೆಗೆಯಿರಿ. ಕಲ್ಲಿನ ಮೇಲೆ ಅಂಗಾಲು ಅನುಭವಿಸುವುದು 47 ಡಿಗ್ರಿ. ಮರದ ಮೇಲೆ ಕೇವಲ 39½. ಚರ್ಮಕ್ಕೆ ನೋವು ಪ್ರಾರಂಭವಾಗುವುದು ಸುಮಾರು 43ರಿಂದ 45 ಡಿಗ್ರಿಗಳಲ್ಲಿ. ಗೆರೆಯ ಈಚೆಗೆ ಮರ, ಆಚೆಗೆ ಕಲ್ಲು. ಮರ ತನ್ನ ಮೇಲ್ಪದರದಲ್ಲಿದ್ದ ಅಲ್ಪ ಶಾಖವನ್ನು ಕೊಟ್ಟು ಬರಿಗೈಯಾಗುತ್ತದೆ, ಒಳಗಿನಿಂದ ಅದಕ್ಕೆ ಬೇಗ ಪೂರೈಕೆಯಿಲ್ಲ. ಕಲ್ಲಾದರೋ ಒಡಲಿನಿಂದ ತಂದು ತಂದು ಸುರಿಯುತ್ತದೆ.

ಅಡಿಗೆಮನೆಯಿಂದ ಬರಿಗಾಲಿನಲ್ಲಿಯೇ ಓಡಾಡುವ ನಮ್ಮ ತಾಯಿಯವರಿಗೆ ಇದು ಸಣ್ಣ ವಿಷಯವಲ್ಲ. ಚಪ್ಪಲಿ ಮೆಟ್ಟಿಕೊಂಡು ಸಂಡಿಗೆ ಇಡುವುದನ್ನು ಅವರು ಈ ಜನ್ಮದಲ್ಲಿ ಒಪ್ಪುವವರಲ್ಲ.

ಹಾಗೆಂದು ಕಲ್ಲನ್ನು ಬಿಟ್ಟುಬಿಡಲಾದೀತೆ? ಮರದ ಶತ್ರು ಬಿಸಿಲಿಗಿಂತ ಹೆಚ್ಚಾಗಿ ತೇವ. ಮರದೊಳಗಿನ ತೇವ ಅದರ ಒಣತೂಕದ ನೂರಕ್ಕೆ ಇಪ್ಪತ್ತನ್ನು ಮೀರಿ ನಿಂತರೆ ಕೊಳೆಸುವ ಶಿಲೀಂಧ್ರಗಳು ಮನೆಮಾಡುತ್ತವೆ. ಮಣ್ಣಿಗೆ ತಾಗಿದ ಮರವನ್ನು ಗೆದ್ದಲು ಬಿಡುವುದಿಲ್ಲ. ಹಳೆಯ ತೊಟ್ಟಿಮನೆಗಳಲ್ಲಿ ಮರದ ಕಂಬಗಳನ್ನು ನೇರವಾಗಿ ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿರುವುದನ್ನು ವಾಚಕರು ನೋಡಿರಬಹುದು. ಅದು ಅಲಂಕಾರಕ್ಕಷ್ಟೇ ಅಲ್ಲ. ನೆಲದ ತೇವ ಮರದ ಸೂಕ್ಷ್ಮ ನಾಳಗಳಲ್ಲಿ ಮೇಲೇರದಂತೆ ಆ ಪೀಠ ತಡೆಯುತ್ತದೆ. ಆದ್ದರಿಂದ ನೆಲದಿಂದ ಎದ್ದುನಿಲ್ಲುವ ಗಿಡ್ಡ ಕಂಬಗಳು ಕಲ್ಲಿನವೂ ಮೇಲಿನ ತೊಲೆ ಹಲಗೆಗಳು ಮರದವೂ ಆಗಲೆಂದು ನಿಶ್ಚಯಿಸಿದೆವು. ಕಲ್ಲಿಗೂ ಇದೇ ಹಿತ. ಒತ್ತಿದರೆ ಕಲ್ಲು ಅಪಾರ ಭಾರವನ್ನು ಹೊರುತ್ತದೆ, ಬಗ್ಗಿಸಿದರೆ ಬಹಳ ಬೇಗ ಸೋಲುತ್ತದೆ. ಎರಡಂಗುಲ ದಪ್ಪದ, ಎರಡಡಿ ಅಗಲದ ಚಪ್ಪಡಿಯನ್ನು ಮೂರಡಿ ಅಂತರದ ಆಧಾರಗಳ ಮೇಲಿಟ್ಟು ನಡುವೆ ಒಬ್ಬರು ನಿಂತರೆ ಅದರ ಅಡಿಮೈಯಲ್ಲಿ ಚದರ ಮಿಲಿಮೀಟರಿಗೆ ಸುಮಾರು 1 ನ್ಯೂಟನ್ ಸೆಳೆತ ಹುಟ್ಟುತ್ತದೆ, ಇದು ಭಯಪಡುವಂಥದಲ್ಲ. ಅದನ್ನೇ ಆರಡಿ ಅಂತರಕ್ಕೆ ಹಾಸಿ ಮೂವರು ಒಟ್ಟಿಗೆ ನಿಂತರೆ ಸೆಳೆತ 5 ನ್ಯೂಟನ್ನನ್ನು ದಾಟುತ್ತದೆ. ಗ್ರಾನೈಟು ಬಗ್ಗುವಿಕೆಗೆ ತಡೆದುಕೊಳ್ಳುವುದು ಸುಮಾರು ಹತ್ತರ ಮೇಲೆ ಕೆಲವೇ ನ್ಯೂಟನ್. ಒಳಗೊಂದು ಕಾಣದ ಬಿರುಕಿದ್ದರೆ ಅಷ್ಟೂ ಇಲ್ಲ. ಮರ ಮುರಿಯುವ ಮೊದಲು ಕಿರುಗುಟ್ಟಿ ಎಚ್ಚರಿಸುತ್ತದೆ. ಕಲ್ಲಿಗೆ ಆ ಸೌಜನ್ಯವಿಲ್ಲ.

ನಡುವೆ ಒಬ್ಬ ವ್ಯಾಪಾರಿ ಮರದ ಹೊಟ್ಟನ್ನೂ ಪಾಲಿಥೀನನ್ನೂ ಬೆರೆಸಿ ಮಾಡಿದ ಹಲಗೆಗಳನ್ನು ತೋರಿಸಿದನು. ಗೆದ್ದಲು ಮುಟ್ಟುವುದಿಲ್ಲ, ಎಣ್ಣೆ ಬೇಡ, ಬಣ್ಣ ಬೇಡ. ಎಲ್ಲವೂ ನಿಜವೇ. ಆದರೆ ಅವುಗಳ ಬಿಗುವು ಸಾಗುವಾನಿಯ ಮೂರನೆಯ ಒಂದು ಪಾಲಿನಷ್ಟು. ಆದ್ದರಿಂದ ಆಧಾರದ ಜಂತೆಗಳನ್ನು ಹತ್ತಿರ ಹತ್ತಿರ ಇಡಬೇಕು, ಅಲ್ಲಿ ಖರ್ಚು ಏರುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಲವತ್ತು ಡಿಗ್ರಿಗಳ ವ್ಯತ್ಯಾಸವಾದರೆ ಹತ್ತಡಿ ಹಲಗೆ ಸುಮಾರು 5 ಮಿಲಿಮೀಟರು ಉದ್ದವಾಗುತ್ತದೆ, ತುದಿಯಲ್ಲಿ ಅಷ್ಟು ಜಾಗ ಬಿಡದಿದ್ದರೆ ಹಲಗೆ ಬಿಲ್ಲಿನಂತೆ ಏಳುತ್ತದೆ. ನಮಗೆ ಅದು ಒಗ್ಗಲಿಲ್ಲ.

ಇನ್ನು ಬಲದ ಲೆಕ್ಕ. ಇದರಲ್ಲಿ ಸಂಕೋಚ ಕೂಡದು. 2003ರ ಜೂನ್ 29ರಂದು ಅಮೆರಿಕದ ಷಿಕಾಗೊ ನಗರದಲ್ಲಿ ಒಂದು ಮನೆಯ ಹಿಂಬದಿಯ ಮರದ ಜಗಲಿ ಔತಣಕ್ಕೆ ನೆರೆದವರ ಭಾರಕ್ಕೆ ಕುಸಿದು 13 ಮಂದಿ ಮಡಿದರು. ನಮ್ಮದು ಎರಡೂವರೆ ಅಡಿ ಎತ್ತರದ್ದು, ನಿಜ. ಆದರೂ ನಾಮಕರಣದ ದಿನ ಫೋಟೋ ತೆಗೆಯುವವನು "ಎಲ್ಲರೂ ಒಟ್ಟಿಗೆ ನಿಲ್ಲಿ" ಎಂದರೆ ಬಂಧುಬಳಗವೆಲ್ಲ ಅಲ್ಲಿಯೇ ನಿಲ್ಲುವುದು ಖಂಡಿತ. ಮನೆಯ ಕೋಣೆಗಳಿಗೆ ಭಾರತೀಯ ಮಾನಕ ಐ.ಎಸ್. 875 ಚದರ ಮೀಟರಿಗೆ 2 ಕಿಲೋನ್ಯೂಟನ್ ಭಾರ ಹಿಡಿಯಲು ಹೇಳುತ್ತದೆ. ಗುಂಪನ್ನು ನೆನೆದು ನಾವು 3 ಹಿಡಿದೆವು. ಅಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ 300 ಕಿಲೋಗ್ರಾಂ. 120 ಚದರಡಿಗೆ ಒಟ್ಟು ಮೂರೂಕಾಲು ಟನ್ನಿಗೂ ಹೆಚ್ಚು, ಐವತ್ತು ಮಂದಿಯ ತೂಕ.

ಇಷ್ಟನ್ನು ಹೊರಲು ಎಷ್ಟು ಮರ ಬೇಕು? ಉದ್ದದ ದಿಕ್ಕಿನಲ್ಲಿ ಐದೈದು ಅಡಿಗೊಂದರಂತೆ ಮೂರು ತೊಲೆಗಳು, ಒಂದೊಂದು 3 ಅಂಗುಲ ಅಗಲ 6 ಅಂಗುಲ ಆಳ. ಅವುಗಳ ಮೇಲೆ ಅಡ್ಡಲಾಗಿ ಒಂದೂವರೆ ಅಡಿಗೊಂದರಂತೆ ಒಂಬತ್ತು ಜಂತೆಗಳು, 2 ಅಂಗುಲ 4 ಅಂಗುಲದವು. ಜಂತೆಗಳ ಮೇಲೆ ಒಂದಂಗುಲ ದಪ್ಪದ ಹಲಗೆ. ತೊಲೆಗಳಿಗೆ 4½ ಘನ ಅಡಿ, ಜಂತೆಗಳಿಗೆ 5, ಹಲಗೆಗೆ 10, ಒಟ್ಟು 19½. ಕೊಯ್ತ ಮತ್ತು ಕತ್ತರಿಕೆಯ ನಷ್ಟಕ್ಕೆ ನೂರಕ್ಕೆ ಹದಿನೈದು ಸೇರಿಸಿದರೆ ಸುಮಾರು 22½ ಘನ ಅಡಿ. ಮರದ ಅಂಗಡಿಗೆ ಹೋಗುವ ಮೊದಲು ಈ ಒಂದು ಸಂಖ್ಯೆ ಜೇಬಿನಲ್ಲಿರಬೇಕು. ಇಲ್ಲದಿದ್ದರೆ ಎಷ್ಟು ಮರ ಬೇಕೆಂಬುದನ್ನು ಮಾರುವವನೇ ಹೇಳುತ್ತಾನೆ.

ಈ ಪಟ್ಟಿಯಲ್ಲಿ ಪುಕ್ಕಟೆಯಾಗಿ ಸಿಗುವ ಲಾಭವೊಂದಿದೆ. ಜಂತೆಯನ್ನು ಮಲಗಿಸಿ ಇಡುವುದೂ ನಿಲ್ಲಿಸಿ ಇಡುವುದೂ ಬೆಲೆಯಲ್ಲಿ ಒಂದೇ, ಏಕೆಂದರೆ ಮರ ಅಷ್ಟೇ. ಆದರೆ ತೊಲೆಯ ಬಲ ಆಳದ ವರ್ಗದಂತೆಯೂ ಬಿಗುವು ಆಳದ ಘನದಂತೆಯೂ ಹೆಚ್ಚುತ್ತದೆ. 2 ಅಂಗುಲ 4 ಅಂಗುಲದ ಜಂತೆಯನ್ನು ನಿಲ್ಲಿಸಿ ಇಟ್ಟರೆ ಬಲ ಇಮ್ಮಡಿ, ಬಿಗುವು ನಾಲ್ಮಡಿ. ಪೂರ್ಣ ಭಾರಕ್ಕೆ ನಮ್ಮ ಜಂತೆ ನಿಂತಾಗ ಬಾಗುವುದು ಎರಡು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಮಲಗಿದಾಗ ಒಂಬತ್ತು. ಎಳೆಯ ಬಡಗಿಯೊಬ್ಬನು ಹಲಗೆಗೆ ತಿರುಪು ಹಾಕಲು ಅನುಕೂಲವೆಂದು ಅವುಗಳನ್ನು ಮಲಗಿಸಲು ಹೊರಟಿದ್ದನು. ಒಂದು ಅಡಿಕೋಲನ್ನು ಎರಡು ಬಗೆಯಲ್ಲಿ ಬಗ್ಗಿಸಿ ತೋರಿಸಿದೆವು. ಸೂತ್ರ ಹೇಳಬೇಕಾಗಲಿಲ್ಲ.

ಬೆಲೆಯ ವಿಚಾರಕ್ಕೆ ಬರೋಣ. ಇಲ್ಲಿ ಬೆಲೆಗಳನ್ನು ಅಚ್ಚು ಮಾಡಿದರೆ ಪತ್ರಿಕೆ ಕೈಸೇರುವ ಹೊತ್ತಿಗೆ ಹಳೆಯವಾಗಿರುತ್ತವೆ, ಆದ್ದರಿಂದ ಕಲ್ಪಿತ ಸಂಖ್ಯೆಗಳನ್ನೇ ಬಳಸೋಣ. ಬಿಲ್ಲಿನ ಕೊನೆಯ ಮೊತ್ತವನ್ನು ನೋಡುವುದಕ್ಕಿಂತ ಅದು ಎಷ್ಟು ವರ್ಷಗಳ ಮೇಲೆ ಹಂಚಿಹೋಗುತ್ತದೆಂದು ನೋಡುವುದು ಮೇಲು. ಅಗ್ಗದ ಮೆದುಮರದ ಜಗಲಿ 40,000 ರೂಪಾಯಿಗೆ ಆಗಿ ಐದು ವರ್ಷ ಬಾಳಿದರೆ ವರ್ಷಕ್ಕೆ 8,000. ಗಟ್ಟಿಮರದ್ದು 90,000ಕ್ಕೆ ಆಗಿ ಇಪ್ಪತ್ತು ವರ್ಷ ಬಾಳಿ, ವರ್ಷಕ್ಕೆ 2,000 ರೂಪಾಯಿಯ ಎಣ್ಣೆ ಕುಡಿದರೆ 6,500. ಕಲ್ಲಿನದು 1,10,000 ತೆಗೆದುಕೊಂಡು ಐವತ್ತು ವರ್ಷ ನಿಂತರೆ 2,200. ಈ ಲೆಕ್ಕದಂತೆ ಕಲ್ಲೇ ಗೆಲ್ಲುತ್ತದೆ. ಅಗ್ಗದ ಮರವೇ ಎಲ್ಲಕ್ಕಿಂತ ದುಬಾರಿ. ಆದರೆ ಜಗಲಿ ಯಾರಿಗಾಗಿ? ಎಪ್ಪತ್ತೆರಡು ವರ್ಷದವರಿಗೆ ಕಟ್ಟಿಸುವಾಗ ಐವತ್ತು ವರ್ಷದ ಬಾಳಿಕೆಯನ್ನು ಕೊಂಡು, ಅವರು ಕಾಲಿಡಲಾಗದ ಮಧ್ಯಾಹ್ನಗಳನ್ನು ಕೊಡುವುದು ಎಂಥ ಉಳಿತಾಯ? ಭಾಗಾಕಾರದಲ್ಲಿ ಛೇದವನ್ನು ಆರಿಸುವವರು ನಾವೇ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಗಟ್ಟಿಮರವೆಂದು ತೀರ್ಮಾನವಾದ ಮೇಲೆ ನಾವು ಸ್ವಲ್ಪದರಲ್ಲಿ ಮೋಸಹೋಗುತ್ತಿದ್ದೆವು. ಒಂದು ಡಿಪೋದಲ್ಲಿ ಹೊನ್ನೆಯ ಹಲಗೆಗಳನ್ನು ತೋರಿಸಿ "ಒಂದು ವರ್ಷ ಒಣಗಿದ್ದು ಸ್ವಾಮಿ" ಎಂದರು. ಒಂದಡಿಯ ತುಂಡನ್ನು ಬೇಡಿ ತಂದು ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿದೆವು: 820 ಗ್ರಾಂ. ನೂರು ಡಿಗ್ರಿಗೆ ಸ್ವಲ್ಪ ಮೇಲಿನ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿದಾಗ 640 ಗ್ರಾಂ. ಹೋದ ನೀರು 180 ಗ್ರಾಂ, ಒಣತೂಕದ ನೂರಕ್ಕೆ 28. ಆ ಹಲಗೆ ಹೆಚ್ಚುಕಡಿಮೆ ಹಸಿಮರವೇ. ತೇವ ನೂರಕ್ಕೆ ಒಂದರಷ್ಟು ಇಳಿದರೆ ಹಲಗೆಯ ಅಗಲ ಸುಮಾರು ನೂರಕ್ಕೆ 0.2ರಷ್ಟು ಕುಗ್ಗುತ್ತದೆ, ಉದ್ದ ಮಾತ್ರ ಅಳೆಯುವಷ್ಟು ಕುಗ್ಗುವುದಿಲ್ಲ. ನೂರಕ್ಕೆ 28ರಿಂದ 12ಕ್ಕೆ ಇಳಿಯುವ ಹೊತ್ತಿಗೆ ನಮ್ಮ ಹತ್ತಡಿ ಅಗಲದ ಜಗಲಿಯಲ್ಲಿ ಒಟ್ಟು ಮೂರು ಅಂಗುಲಕ್ಕೂ ಮೀರಿ ಸಂದು ಬಾಯ್ತೆರೆಯುತ್ತಿತ್ತು. ಅದರ ಜೊತೆಗೆ, ತೂಕದ ಲೆಕ್ಕದಲ್ಲಿ ನೀರಿಗೂ ಹೊನ್ನೆಯ ಸಾಗಣೆಯ ಕೂಲಿ ತೆರುತ್ತಿದ್ದೆವು.

ಕೊನೆಗೆ ನಮಗೆ ಒದಗಿದ್ದು ಹಳೆಯ ಮನೆ ಕೆಡವಿದ ಮರ. ಒಂಟಿಕೊಪ್ಪಲಿನ ಹೆಂಚಿನ ಮನೆಗಳು ಒಂದೊಂದಾಗಿ ಉರುಳುತ್ತಿರುವುದನ್ನು ಕಂಡರೆ ನಮಗೆ ಸಂತೋಷವಾಗುವುದಿಲ್ಲ. ಆದರೆ ಅವುಗಳ ಅಟ್ಟದ ತೊಲೆಗಳು ಅರ್ಧ ಶತಮಾನ ನೆರಳಿನಲ್ಲಿ ಒಣಗಿದವು. ಅವುಗಳ ತುಂಡನ್ನೂ ಹಾಗೆಯೇ ತೂಗಿ ನೋಡಿದೆವು: ತೇವ ನೂರಕ್ಕೆ 12. ಮೊಳೆ ಕೀಳುವ ಕೂಲಿ ಬೇರೆ, ಕೊಯ್ತದಲ್ಲಿ ನಷ್ಟ ಸ್ವಲ್ಪ ಹೆಚ್ಚು. ಆದರೂ ಹೊಸ ಮರಕ್ಕಿಂತ ಎಷ್ಟೋ ಅಗ್ಗ. ಬಡಗಿಯವರು ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ, ಶಬ್ದ ಎಲ್ಲಿ ಮಂಕಾಯಿತೋ ಅಲ್ಲಿ ಗೆದ್ದಲು ತಿಂದಿದೆಯೆಂದು ಗುರುತು ಹಾಕುತ್ತಿದ್ದರು. ಎರಡು ಕಡೆ ಕತ್ತರಿಸಿ ನೋಡಿದಾಗ ಅವರ ಕಿವಿ ತಪ್ಪಿರಲಿಲ್ಲ.

ನಮ್ಮ ಅಂದಾಜಿನ ನೂರು ರೂಪಾಯಿ ಹೀಗೆ ಹಂಚಿಹೋಯಿತು: ಮರಕ್ಕೆ 38, ಕೂಲಿಗೆ 27, ಕಲ್ಲು ಕಂಬ ಮತ್ತು ಪಾಯಕ್ಕೆ 13, ಕಟಕಟೆ ತಿರುಪು ಬೋಲ್ಟುಗಳಿಗೆ 11, ಸಾಗಣೆಗೆ 4, ಎಣ್ಣೆಗೆ 2, ಅನಿರೀಕ್ಷಿತಕ್ಕೆ 5. ತಿರುಪುಗಳನ್ನು ತುಕ್ಕು ಹಿಡಿಯದ ಉಕ್ಕಿನವನ್ನೇ ಕೊಂಡೆವು. ಒದ್ದೆಯಾದ ಗಟ್ಟಿಮರದೊಳಗಿನ ಟ್ಯಾನಿನ್ ಸಾಧಾರಣ ಕಬ್ಬಿಣವನ್ನು ತಿಂದು ಸುತ್ತಲೂ ಕಪ್ಪು ಕಲೆ ಮಾಡುತ್ತದೆ. ಹತ್ತು ರೂಪಾಯಿಯ ಹಲಗೆಯನ್ನು ಒಂದು ರೂಪಾಯಿಯ ತಿರುಪು ಕೆಡಿಸುವುದು ಬೇಡ. ಹಂಡೆಯ ಒಲೆಯನ್ನು ಅರಮನೆಯ ಕಥೆ ನೆನೆದು ಜಗಲಿಯಿಂದ ದೂರದ ಮೂಲೆಗೆ ಕಳುಹಿಸಿದೆವು.

ಅನಿರೀಕ್ಷಿತಕ್ಕೆಂದು ಇಟ್ಟ ಐದು ರೂಪಾಯಿ ಮೊದಲ ದಿನವೇ ಮಣ್ಣುಪಾಲಾಯಿತು. ನಡುವಣ ತೊಲೆಯ ನಡುಗಂಬಕ್ಕೆ ಗುಂಡಿ ತೋಡುತ್ತಿದ್ದಾಗ ಗುದ್ದಲಿ ಹುಡಿಮಣ್ಣಿಗೆ ಇಳಿಯಿತು. "ಅಲ್ಲೊಂದು ಬಾವಿಯಿತ್ತಲ್ಲವೋ, ನಿಮ್ಮ ತಂದೆಯವರು ಮುಚ್ಚಿಸಿದ್ದು" ಎಂದು ತಾಯಿಯವರು ಒಳಗಿನಿಂದ ಹೇಳಿದರು. ಆ ಮಾತನ್ನು ಒಂದು ವಾರ ಮೊದಲು ಕೇಳಿಕೊಳ್ಳದಿದ್ದುದು ನಮ್ಮ ತಪ್ಪು. ತುಂಬಿದ ಬಾವಿಯ ಮೇಲೆ ಕಂಬ ನಿಲ್ಲಿಸುವಂತಿಲ್ಲ, ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಕಂಬವನ್ನು ಮೂರಡಿ ಪಕ್ಕಕ್ಕೆ ಸರಿಸಿದೆವು. ಆಗ ತೊಲೆಯ ಒಂದು ಭಾಗ ಆರಡಿಯ ಬದಲು ಒಂಬತ್ತಡಿ ಹಾರಬೇಕಾಯಿತು. ಅಂತರ ಒಂದೂವರೆ ಪಟ್ಟಾದರೆ ಬಗ್ಗಿಸುವ ಪ್ರಯತ್ನ ಎರಡೂಕಾಲು ಪಟ್ಟು, ಬಾಗುವಿಕೆ ಐದು ಪಟ್ಟು! ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇಲ್ಲಿ ಆಳದ ನಿಯಮವೇ ಕೈಹಿಡಿಯುತ್ತದೆ. ಆಳವನ್ನೂ ಒಂದೂವರೆ ಪಟ್ಟು ಮಾಡಿ 9 ಅಂಗುಲಕ್ಕೆ ಏರಿಸಿದರೆ ಬಲ ಎರಡೂಕಾಲು ಪಟ್ಟಾಗಿ ಸೆಳೆತ ಮೊದಲಿನಷ್ಟೇ ಉಳಿಯುತ್ತದೆ. ಬಾಗುವಿಕೆಯೂ ಅಂತರಕ್ಕೆ ತಕ್ಕ ಪ್ರಮಾಣದಲ್ಲಿಯೇ ಇರುತ್ತದೆ. ಹೆಚ್ಚಿಗೆ ಬೇಕಾದ ಮರ ಮುಕ್ಕಾಲು ಘನ ಅಡಿ ಮಾತ್ರ. ಒಂಬತ್ತಂಗುಲದ ಅಟ್ಟದ ತೊಲೆಯೊಂದು ಅದೇ ಹಳೆಯ ಮರದ ರಾಶಿಯಲ್ಲಿ ಸಿಕ್ಕಿತು. ಹೊಸ ಗುಂಡಿ, ಎರಡು ದಿನದ ಕೂಲಿ, ಇನ್ನೊಂದು ಸಲದ ಸಾಗಣೆ ಎಲ್ಲ ಸೇರಿ ನೂರರ ಅಂದಾಜು ನೂರ ಏಳರಲ್ಲಿ ನಿಂತಿತು.

ಹಲಗೆಗಳ ನಡುವೆ ಕಾಲಂಗುಲ ಸಂದು ಬಿಡಿಸಿದ್ದೆವು, ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಲು ಜಾಗ ಬೇಕೆಂದು, ಮತ್ತು ನೀರು ನಿಲ್ಲಬಾರದೆಂದು. ಏಪ್ರಿಲಿನಲ್ಲಿ ಅಳೆದಾಗ 6 ಮಿಲಿಮೀಟರಿದ್ದ ಸಂದು ಆಗಸ್ಟಿನಲ್ಲಿ 4½ಕ್ಕೆ ಇಳಿದಿತ್ತು. ನಾಲ್ಕಂಗುಲದ ಹಲಗೆಗೆ ಲೆಕ್ಕ ಹೇಳುವುದೂ ಅಷ್ಟನ್ನೇ. ಈ ಹೊಂದಾಣಿಕೆಯನ್ನು ನಾವು ಸ್ವಲ್ಪ ಜಂಬದಿಂದಲೇ ತಾಯಿಯವರಿಗೆ ವಿವರಿಸಿದೆವು. ಅವರು ಕಟಕಟೆಗೆ ಒರಗಿ ಕುಳಿತು ಮೊರದಲ್ಲಿ ಉದ್ದಿನಬೇಳೆ ಕೇರುತ್ತಿದ್ದರು. "ಅದೆಲ್ಲ ಸರಿ ಮಗು, ಈ ಸಂದಿನಲ್ಲಿ ಬೇಳೆಯೆಲ್ಲ ಕೆಳಗೆ ಹೋಗುತ್ತದಲ್ಲ" ಎಂದರು. ಬೇಳೆಯ ಗಾತ್ರವನ್ನು ನಾವು ಅಂದಾಜು ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಈಗ ಅಲ್ಲೊಂದು ಈಚಲು ಚಾಪೆ ಹಾಸಿದೆ.